ಕುರಿಯ ಉಣ್ಣಿಯೂ ಪ್ರಯೋಗಶಾಲೆಯೂ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಉಣ್ಣಿಯ ಪ್ರಸ್ತಾಪವೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಈ ಪುಟಗಳನ್ನು ಓದುವವರಲ್ಲಿ ಕುರಿ ಸಾಕುವ ಮನೆಗಳಿಂದ ಬಂದವರು ವಿರಳರಲ್ಲ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಕುರಿಗಳಿದ್ದವು. ಕುರಿಯ ರೋಮಕ್ಕೂ ಅದರ ರಕ್ತವನ್ನು ಹೀರುವ ಜಂತುವಿಗೂ ಕನ್ನಡದಲ್ಲಿ ‘ಉಣ್ಣೆ’ ಎಂಬ ಹೆಸರುಂಟು. ಗೊಂದಲವಾಗದಿರಲೆಂದು ನಾನು ಇಲ್ಲಿ ಜಂತುವನ್ನು ‘ಉಣ್ಣಿ’ ಎಂದೇ ಕರೆಯುತ್ತೇನೆ.

ಉಣ್ಣಿಯು ರೋಗವಾಹಕವೆಂಬುದು ಹೊಸ ಮಾತಲ್ಲ. ಅಮೆರಿಕದಲ್ಲಿ ದನಗಳ ಜ್ವರವನ್ನು ಹರಡುವುದು ಉಣ್ಣಿಯೇ ಎಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿಯೇ ಪ್ರಕಟಪಡಿಸಿದರು. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದ ಕಥೆಯನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಬಲ್ಲದಿರುವುದು ಗಂಜಾಂ ವೈರಾಣುವಿನ ಕಥೆ. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಆಡುಗಳ ಮೈಯಿಂದ ಕಿತ್ತ ಉಣ್ಣಿಗಳಲ್ಲಿ ಈ ವೈರಾಣು ದೊರೆಯಿತು. ಆಫ್ರಿಕದಲ್ಲಿ ಬಹುಕಾಲದಿಂದ ಕುರಿಗಳನ್ನು ಕೊಲ್ಲುತ್ತಿದ್ದ ನೈರೋಬಿ ಕುರಿರೋಗದ ವೈರಾಣುವೂ ಇದೂ ವಸ್ತುತಃ ಒಂದೇ ಎಂದು ಅನುವಂಶಿಕ ಹೋಲಿಕೆಯಿಂದ ಸ್ಪಷ್ಟವಾದದ್ದು 2002ರಲ್ಲಿ. ಉಣ್ಣಿ ಕೈಗೆ ಸಿಕ್ಕಿದ್ದರೂ ಅದರೊಳಗಿನ ಬರಹವನ್ನು ಪೂರ್ಣವಾಗಿ ಓದಲು ಸುಮಾರು ಅರ್ಧ ಶತಮಾನ ಹಿಡಿಯಿತು. ಅಂದು ಸಾಧನಗಳಿರಲಿಲ್ಲ, ಆ ವಿಳಂಬವನ್ನು ಕ್ಷಮಿಸಬಹುದು.

ಇಂದು ಸಾಧನಗಳಿವೆ. ಕುರಿಯ ಕಿವಿ, ತೊಡೆಸಂದು, ಬಾಲದ ಬುಡಗಳಿಂದ ಉಣ್ಣಿಯನ್ನು ಚಿಮಟದಿಂದ ಬಾಯಿ ಮುರಿಯದಂತೆ ಕಿತ್ತು, ಜಾತಿ ಗುರುತಿಸಿ, ಕೆಲಕೆಲವನ್ನು ಒಟ್ಟುಗೂಡಿಸಿ ಅರೆದು, ಪಿ.ಸಿ.ಆರ್. ವಿಧಾನದಿಂದ ರೋಗಾಣುವಿನ ಅನುವಂಶಿಕ ದ್ರವ್ಯವನ್ನು ಹುಡುಕಬಹುದು. ಥೈಲೇರಿಯ, ಅನಾಪ್ಲಾಸ್ಮ ಮೊದಲಾದವು ಕುರಿಯ ರಕ್ತದಲ್ಲಿ ಅತ್ಯಲ್ಪವಾಗಿದ್ದಾಗ ಸೂಕ್ಷ್ಮದರ್ಶಕಕ್ಕೆ ಕಾಣದೆ ಹೋದರೂ ಈ ವಿಧಾನಕ್ಕೆ ಸಿಗುತ್ತವೆ. ಆದರೆ ಇಲ್ಲೊಂದು ಎಚ್ಚರ ಬೇಕು. ರಕ್ತ ಕುಡಿದು ಊದಿದ ಉಣ್ಣಿಯಲ್ಲಿ ರೋಗಾಣು ಸಿಕ್ಕಿತೆಂದ ಮಾತ್ರಕ್ಕೆ ಅದೇ ರೋಗ ಹರಡಿತೆನ್ನಲಾಗದು. ಅದು ಕುರಿಯಿಂದ ಆಗತಾನೆ ಹೀರಿದ್ದೂ ಆಗಿರಬಹುದು. ಆದುದರಿಂದ ಅದೇ ಕುರಿಯ ರಕ್ತವನ್ನೂ, ಮೇವಿನ ನೆಲದಲ್ಲಿ ಹಸಿದು ಕಾದಿರುವ ಉಣ್ಣಿಯನ್ನೂ, ಸಾಧ್ಯವಾದರೆ ಉಣ್ಣಿಯ ಜೊಲ್ಲುಗ್ರಂಥಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಈ ವಿವೇಚನೆಯಿಲ್ಲದ ವರದಿ ಕುರಿಗಾಹಿಯನ್ನು ವೃಥಾ ಹೆದರಿಸೀತು.

ಕುರಿ ಕಾಯಿಲೆ ಬಿದ್ದಾಗ ನೋಡಿದರಾಯಿತು ಎನ್ನುವವರೂ ಇದ್ದಾರೆ. ಈ ವಾದವನ್ನು ನಾನು ಒಪ್ಪಲಾರೆ. 2011ರ ಜನವರಿಯಲ್ಲಿ ಗುಜರಾತಿನ ಸಾನಂದ ತಾಲ್ಲೂಕಿನ ಕೋಲಾಟ್ ಗ್ರಾಮದಲ್ಲಿ ಕ್ರಿಮಿಯನ್-ಕಾಂಗೊ ರಕ್ತಸ್ರಾವ ಜ್ವರವು ನಮ್ಮ ದೇಶದಲ್ಲಿ ಮೊದಲಬಾರಿಗೆ ದೃಢಪಟ್ಟಿತು. ರೋಗಿಯಷ್ಟೇ ಅಲ್ಲ, ಶುಶ್ರೂಷೆ ಮಾಡಿದ ವೈದ್ಯರೂ ದಾದಿಯೂ ತೀರಿಕೊಂಡರು. ಆ ಬಳಿಕವೇ ಅಲ್ಲಿನ ಜಾನುವಾರುಗಳನ್ನೂ ಹಯಲೊಮ್ಮ ಉಣ್ಣಿಗಳನ್ನೂ ಪರೀಕ್ಷಿಸಿದ್ದು. ಅವುಗಳಲ್ಲಿ ಸೋಂಕಿನ ಗುರುತು ಸಿಕ್ಕಿತು. ಈ ವೈರಾಣು ತಗುಲಿದ ದನ, ಕುರಿ, ಆಡುಗಳಲ್ಲಿ ರೋಗಲಕ್ಷಣ ಕಾಣುವುದೇ ಇಲ್ಲವೆನ್ನಬಹುದು. ಕಾಯಿಲೆ ಬೀಳದ ಕುರಿಯ ಕಾಯಿಲೆಗಾಗಿ ಕಾಯುವುದೆಂದರೆ ಮನುಷ್ಯನ ಸಾವಿಗಾಗಿ ಕಾದಂತೆ.

ಇನ್ನೊಂದು ವಿಷಯ. ಅನೇಕ ಜಾತಿಯ ಉಣ್ಣಿಗಳು ಮರಿ, ಎಳೆಯ, ಬೆಳೆದ ಮೂರು ಅವಸ್ಥೆಗಳಲ್ಲಿ ಮೂರು ಪ್ರಾಣಿಗಳನ್ನು ಏರುತ್ತವೆ, ನಡುನಡುವೆ ನೆಲಕ್ಕುದುರುತ್ತವೆ. ನಮ್ಮ ಕುರಿಹಿಂಡುಗಳಾದರೋ ಒಂದು ಊರಿನಲ್ಲಿ ನಿಲ್ಲುವಂಥವಲ್ಲ. ರೈತರ ಹೊಲದಲ್ಲಿ ಗೊಬ್ಬರಕ್ಕಾಗಿ ಇರುಳು ತಂಗುತ್ತಾ ಜಿಲ್ಲೆಯಿಂದ ಜಿಲ್ಲೆಗೆ ಸಾಗುತ್ತವೆ. ಹೀಗಿರುವಾಗ ಸೀಸೆಯ ಮೇಲೆ ದಿನಾಂಕವನ್ನೂ ಊರನ್ನೂ ಬರೆದರಷ್ಟೇ ಸಾಲದು, ಹಿಂಡು ನಡೆದು ಬಂದ ದಾರಿಯನ್ನು ಬರೆಯಬೇಕು. ಅದನ್ನು ಹೇಳಬಲ್ಲವನು ಕುರಿಗಾಹಿಯೊಬ್ಬನೇ. ಯಾವ ಹಳ್ಳದ ಬದಿಯಲ್ಲಿ ಉಣ್ಣಿ ಹೆಚ್ಚಿತು, ಎಲ್ಲಿ ಕುರಿಗಳು ಕಂದುಹಾಕಿದವು ಎಂಬುದನ್ನು ಅವನು ತಪ್ಪದೆ ಹೇಳುತ್ತಾನೆ. ಆದರೆ ಫಲಿತಾಂಶ ಬರುವ ಹೊತ್ತಿಗೆ ಅವನು ಮೂರು ತಾಲ್ಲೂಕು ದಾಟಿರುತ್ತಾನೆ. ವರದಿ ಕಡತ ಸೇರುತ್ತದೆ. ಅವನಿಂದ ಉಣ್ಣಿಯನ್ನೂ ತಿಳಿವಳಿಕೆಯನ್ನೂ ಪಡೆದು ಏನನ್ನೂ ಹಿಂದಿರುಗಿಸದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬೆಂಗಳೂರಿನ ಹೆಬ್ಬಾಳದಲ್ಲಿ ಪಶುಆರೋಗ್ಯ ಸಂಸ್ಥೆಯಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹಿಂಡುಗಳು ಹೊರಡುವ ಮೊದಲೊಮ್ಮೆ, ಮರಳಿದಾಗಲೊಮ್ಮೆ ಉಣ್ಣಿ ಸಂಗ್ರಹಿಸಿ ಕಳಿಸುವ ಏರ್ಪಾಡು ನಿಯತವಾಗಿ ನಡೆಯಲಿ. ಫಲಿತಾಂಶ ಕನ್ನಡದಲ್ಲಿ, ಕುರಿಗಾಹಿಯ ಮೊಬೈಲಿಗೇ ತಲುಪಲಿ. ದಾನಿಗಳಲ್ಲಿ ಯಾರಾದರೂ ಒಂದು ಹೋಬಳಿಯ ಸಂಗ್ರಹಣೆಯ ವೆಚ್ಚ ವಹಿಸಿಕೊಂಡರೆ ಆರಂಭಕ್ಕೆ ಅಷ್ಟೇ ಸಾಕು. ಅಧ್ಯಾಪಕ ಮಿತ್ರರು ಮಾತ್ರ ಅದಕ್ಕೂ ಕಾಯಬೇಕಿಲ್ಲ. ಕುರಿಯಿಂದ ಕಿತ್ತ ಉಣ್ಣಿಯನ್ನು ಉಗುರಿನಲ್ಲಿ ಹಿಸುಕಿ ಕೊಲ್ಲುವುದು ನಮ್ಮ ಮಕ್ಕಳ ರೂಢಿ. ಕಾಂಗೊ ಜ್ವರ ಅಂಟುವ ದಾರಿಗಳಲ್ಲಿ ಅದೂ ಒಂದೆಂಬುದನ್ನು ನಾಳೆಯ ತರಗತಿಯಲ್ಲಿಯೇ ಅವರಿಗೆ ತಿಳಿಸಬಹುದು.