ಬಾಗಿಲು ತೆರೆಯದೆ ಮನೆಗೊಂದು ದಾರಿ

ಮೂರನೇ ಸೆಮಿಸ್ಟರ್ ರಜೆಯಲ್ಲಿ ತಿಪಟೂರಿನ ನಮ್ಮ ಮನೆಯ ಟಿವಿ ಸ್ಟ್ಯಾಂಡ್ ಕೆಳಗೆ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟು ಬಂದೆ. ಅಕ್ಕ ಡಿಗ್ರಿ ಓದುವಾಗ ಬಳಸಿದ್ದು. ಕೀಬೋರ್ಡ್‌ನಲ್ಲಿ ನಾಲ್ಕು ಕೀ ಇಲ್ಲ, ಪರದೆ ಮೇಲೆ ಉದ್ದಕ್ಕೆ ಒಂದು ಗೆರೆ. ಅದಕ್ಕೆ ಡೆಬಿಯನ್ ಹಾಕಿ, 1 ಟಿಬಿ ಹಾರ್ಡ್‌ಡಿಸ್ಕ್ ಕೂರಿಸಿ, ಮನೆಯವರ ಫೈಲ್‌ಗಳನ್ನೆಲ್ಲ ತುಂಬಿಸಿದೆ. ಈಗ ಹಾಸ್ಟೆಲ್ ಮಂಚದ ಮೇಲೆ ಕೂತೇ ಅಪ್ಪನ ಜಮೀನಿನ ಪಹಣಿ, ನನ್ನ ಮಾರ್ಕ್ಸ್ ಕಾರ್ಡ್, ಅಜ್ಜಿ ಹಾಡಿದ ಸೋಬಾನೆ ಪದ, ಯಾವುದು ಬೇಕೋ ಅದನ್ನ ತೆಗೀತೀನಿ.

"ಡ್ರೈವ್ ಇರುವಾಗ ಇದೆಲ್ಲ ಯಾಕೆ ಬೇಕಿತ್ತು ಗುರು?" ಅಂತ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ನನಗೆ ಗೂಗಲ್ ಮೇಲೆ ದ್ವೇಷ ಏನಿಲ್ಲ. ಆದರೆ ಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿ ಉಚಿತವಾಗಿ ಸಿಗೋದು 15 ಜಿಬಿ. 2021ರ ಜೂನ್ 1ರವರೆಗೆ ಫೋಟೋಗಳನ್ನ ಲೆಕ್ಕವಿಲ್ಲದಂತೆ ತುಂಬಬಹುದಿತ್ತು, ಆಮೇಲೆ ಅದೂ ನಿಂತಿತು. ಇನ್ನು ಕಾಲೇಜಿನ ಅಕೌಂಟ್ ಕಾಲೇಜಿನದೇ, ನಮ್ಮದಲ್ಲ. ನನಗೆ ಗೊತ್ತಿರುವ ಸೀನಿಯರ್ ಒಬ್ಬರು ಪಾಸಾಗಿ ಹೋದಮೇಲೆ ಅಕೌಂಟ್ ಮುಚ್ಚಿತು, ಫೈನಲ್ ಇಯರ್ ಪ್ರಾಜೆಕ್ಟಿನ ಡೇಟಾ ಎಲ್ಲ ಅದರೊಳಗೇ ಉಳಿಯಿತು. ಎಚ್ಚರಿಕೆಯ ಮೇಲ್ ಬಂದಿತ್ತಂತೆ, ಅವರು ಓದಿರಲಿಲ್ಲ. ನಾವ್ಯಾರು ಓದ್ತೀವಿ ಹೇಳಿ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಕಂಪ್ಯೂಟರ್ ಸೈನ್ಸೋ ಮೆಕ್ಯಾನಿಕಲ್ಲೋ, ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಮನೆಗೊಂದು ಫೈಲ್ ಸರ್ವರ್ ಕಟ್ಟಬೇಕು. ಜೊತೆಗೇ ಇನ್ನೊಂದು ಮಾತು. ಅದನ್ನ ಇಂಟರ್ನೆಟ್‌ಗೆ ನೇರವಾಗಿ ತೆರೆದಿಡೋದಾದರೆ ದಯವಿಟ್ಟು ಕಟ್ಟಲೇಬೇಡಿ.

ಅಪ್ಪನ ಮೊದಲ ಪ್ರಶ್ನೆ ಕರೆಂಟಿನದು. "ಇದು ಹಗಲೂ ರಾತ್ರಿ ಉರೀತಾನೇ ಇದ್ರೆ ಬಿಲ್ ಕಥೆ ಏನೋ?" ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿ ಬಳಕೆಯ ಮೇಲೆ ಸಿಗುವ ಹೆಚ್ಚುವರಿ ಸ್ವಲ್ಪವೇ, ಅದಕ್ಕೇ ಮನೆಯಲ್ಲಿ ಎಲ್ಲರಿಗೂ ಯೂನಿಟ್ ಲೆಕ್ಕ ಬಾಯಿಪಾಠ. ಇಇಇ ಗೆಳೆಯನ ವಾಟ್ ಮೀಟರ್ ತಂದು ಅಳೆದೆ. ಪರದೆ ಆರಿಸಿದರೆ 12 ವಾಟ್ ಆಸುಪಾಸು. ತಿಂಗಳಿಗೆ 9 ಯೂನಿಟ್ ಒಳಗೇ. ಅಪ್ಪ ಒಪ್ಪಿದರು. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ಮುಲಾಜಿಲ್ಲದೆ ತೆಗೆಸಿಬಿಡಿ.

ಮನೆಯೊಳಗೆ ಎಲ್ಲ ಸಲೀಸು. ಸಾಂಬಾ ಹಾಕಿದರೆ ಮನೆಯ ವೈಫೈನಲ್ಲಿರುವ ಯಾವ ಕಂಪ್ಯೂಟರಿನಿಂದಲೂ ಫೋಲ್ಡರ್ ಕಾಣುತ್ತೆ. ಕಷ್ಟ ಶುರುವಾಗೋದು ಹಾಸ್ಟೆಲಿನಿಂದ ಅದನ್ನ ತಲುಪಬೇಕು ಅಂದಾಗ. ಯೂಟ್ಯೂಬ್ ನೋಡಿ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ. ಏನೂ ಆಗಲಿಲ್ಲ. ಮತ್ತೆ ಮಾಡಿದೆ. ಊಹೂಂ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ರೂಟರಿನ ವ್ಯಾನ್ ವಿಳಾಸ ನೋಡಿದರೆ, 100.72ರಿಂದ ಶುರು. ಹೊರಗಿನ ಜಗತ್ತಿಗೆ ಕಾಣುವ ವಿಳಾಸ ಬೇರೆಯೇ ಇದೆ!

ಇದಕ್ಕೆ ಸಿಜಿನ್ಯಾಟ್ ಅಂತಾರೆ. ಐಪಿವಿ4 ವಿಳಾಸ 32 ಬಿಟ್‌ನದು, ಒಟ್ಟು ಸುಮಾರು 430 ಕೋಟಿ. ಇಷ್ಟು ಜನರಿಗೆ, ಇಷ್ಟು ಫೋನುಗಳಿಗೆ ಅದು ಸಾಲದು. ಅದಕ್ಕೇ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನ ಒಂದೇ ಪಬ್ಲಿಕ್ ವಿಳಾಸದ ಹಿಂದೆ ಕೂರಿಸುತ್ತವೆ. 100.64ರಿಂದ 100.127ರವರೆಗಿನ ವಿಳಾಸಗಳನ್ನ 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ದೊಡ್ಡ ಅಪಾರ್ಟ್‌ಮೆಂಟಿಗೆ ಒಂದೇ ಗೇಟ್ ಇದ್ದ ಹಾಗೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವನಿಗೆ ಯಾವ ಮನೆ ಅಂತ ಹೇಳೋರು ಇಲ್ಲ. ನೆಟ್‌ವರ್ಕ್ಸ್ ಪೇಪರಿನಲ್ಲಿ ನ್ಯಾಟ್ ಬಗ್ಗೆ ಎಂಟು ಮಾರ್ಕಿಗೆ ಬರೆದಿದ್ದೆ. ಅರ್ಥ ಆಗಿದ್ದು ಅವತ್ತು.

ನನ್ನ ಗೆಳೆಯನ ಮನೆಯಲ್ಲಿ ಪಬ್ಲಿಕ್ ವಿಳಾಸ ಇತ್ತು. ಅವನ ಪೋರ್ಟ್ 22 ಮೊದಲ ಪ್ರಯತ್ನಕ್ಕೇ ತೆರೆಯಿತು, ಪಾರ್ಟಿ ಕೊಡಿಸಿದ. ಮಾರನೇ ದಿನ ಲಾಗ್ ತೆಗೆದು ನೋಡಿದರೆ ಗುರುತು ಪರಿಚಯ ಇಲ್ಲದವರು ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಸಾಲುಸಾಲಾಗಿ ಬಾಗಿಲು ಬಡಿದಿದ್ದಾರೆ. ಯಾರೂ ಅವನನ್ನ ಹುಡುಕಿಕೊಂಡು ಬಂದಿರಲಿಲ್ಲ. ಇಡೀ ಇಂಟರ್ನೆಟ್ಟಿನ ವಿಳಾಸಗಳನ್ನ ಒಂದೊಂದಾಗಿ ಮುಟ್ಟಿ ನೋಡುವ ಬಾಟ್‌ಗಳು ಸದಾ ತಿರುಗುತ್ತಿರುತ್ತವೆ, ಅಷ್ಟೆ. ಅವನ ಅದೃಷ್ಟ, ಪಾಸ್‌ವರ್ಡ್ ಉದ್ದವಿತ್ತು.

ಪಾಸ್‌ವರ್ಡ್ ಗಟ್ಟಿ ಇದ್ದರೂ ಸಾಲದು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಸ್ಟೋರೇಜ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲ್‌ಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತು. ಕಂಪನಿಯೇ ಪೋರ್ಟ್ ಫಾರ್ವರ್ಡಿಂಗ್ ಆಫ್ ಮಾಡಿ ಅಂತ ಬಳಕೆದಾರರಿಗೆ ಹೇಳಬೇಕಾಯ್ತು. ಅದನ್ನೇ ವೃತ್ತಿ ಮಾಡಿಕೊಂಡವರ ಪೆಟ್ಟಿಗೆಗೇ ಹೀಗಾದರೆ, ಇಂಟರ್ನಲ್ಸ್ ವಾರದಲ್ಲಿ ಅಪ್‌ಡೇಟ್ ಮರೆಯುವ ನಮ್ಮ ಕಥೆ?

ಹಾಗಾದರೆ ದಾರಿ ಯಾವುದು? ವಿಪಿಎನ್. ವಯರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಸರಿಯಾದ ಕೀ ಇಲ್ಲದವನು ಬಡಿದರೆ ಅದು ಉತ್ತರವನ್ನೇ ಕೊಡಲ್ಲ, ಅಲ್ಲೊಂದು ಬಾಗಿಲಿದೆ ಅಂತಲೂ ಗೊತ್ತಾಗಲ್ಲ. ಪಬ್ಲಿಕ್ ವಿಳಾಸ ಇದ್ದವರಿಗೆ ಅಷ್ಟು ಸಾಕು. ಸಿಜಿನ್ಯಾಟ್ ಹಿಂದಿರುವ ನನ್ನಂಥವರಿಗೆ ಅದರ ಮೇಲೇ ಕಟ್ಟಿದ ಟೇಲ್‌ಸ್ಕೇಲ್ ಇದೆ. ಮನೆಯ ಲ್ಯಾಪ್‌ಟಾಪ್, ನನ್ನ ಫೋನ್ ಎರಡೂ ಒಳಗಿನಿಂದ ಹೊರಗೆ ಹೊರಡುತ್ತವೆ, ನಡುವೆ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತವೆ. ರೂಟರಿನಲ್ಲಿ ಒಂದು ಪೋರ್ಟೂ ತೆರೆದಿಲ್ಲ.

ಇಲ್ಲಿ ನನ್ನ ರೂಮ್‌ಮೇಟ್ ಮತ್ತೆ ಹಿಡಿದ: "ಅದೂ ಒಂದು ಕಂಪನಿದೇ ಅಲ್ವಾ?" ಹೌದು. ಎರಡು ಯಂತ್ರಗಳನ್ನ ಪರಿಚಯ ಮಾಡಿಸೋದಕ್ಕೆ ನಾನು ಅವರನ್ನ ನಂಬಿದ್ದೀನಿ. ಆದರೆ ಫೈಲ್ ಅವರ ಬಳಿ ಇರಲ್ಲ, ಪ್ರೈವೇಟ್ ಕೀ ನನ್ನ ಯಂತ್ರ ಬಿಟ್ಟು ಹೋಗಲ್ಲ. ನಾಳೆ ಅವರು ಅಂಗಡಿ ಮುಚ್ಚಿದರೆ ನನಗೆ ದಾರಿ ತಪ್ಪುತ್ತೆ, ಮನೆ ಉಳಿಯುತ್ತೆ. ಎಲ್ಲವನ್ನೂ ಸ್ವಂತಕ್ಕೇ ಮಾಡ್ತೀನಿ ಅನ್ನೋ ಹಟ ನನಗಿಲ್ಲ. ಯಾವುದನ್ನ ಯಾರ ಕೈಗೆ ಕೊಟ್ಟಿದ್ದೀನಿ ಅಂತ ಗೊತ್ತಿದ್ದರೆ ಸಾಕು.

ಇಷ್ಟೆಲ್ಲ ಜಾಣತನ ತೋರಿಸಿದವನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡ್ತೀನಿ. ಫೋನಿಗೂ ಸರ್ವರಿಗೂ ಸಿಂಕ್‌ಥಿಂಗ್ ಹಾಕಿದ್ದೆ. ಒಂದು ರಾತ್ರಿ ಫೋನಿನಲ್ಲಿ ಜಾಗ ಸಾಲದೆ ಅಜ್ಜಿ ಹಾಡಿನ ಫೋಲ್ಡರ್ ಡಿಲೀಟ್ ಮಾಡಿದೆ, ಸರ್ವರಿನಲ್ಲಿ ಇದೆಯಲ್ಲ ಅಂತ. ಸಿಂಕ್ ತನ್ನ ಕೆಲಸ ಮಾಡಿತು. ಅಲ್ಲೂ ಹೋಯಿತು. ಹಳೆಯದನ್ನ ಉಳಿಸಿಕೊಳ್ಳುವ ವರ್ಶನಿಂಗ್ ಅದರಲ್ಲಿದೆ, ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ.

ಅಜ್ಜಿ ಹೋಗಿ ಎರಡು ವರ್ಷ. ಅರಸೀಕೆರೆಯ ಅತ್ತೆ ಕಾರಿನಲ್ಲಿ ಕೇಳೋಕೆ ಅಂತ ಆ ಹಾಡುಗಳನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದರು. 23ರಲ್ಲಿ 19 ವಾಪಸ್ ಸಿಕ್ಕವು. ಉಳಿದ ನಾಲ್ಕು ಇನ್ನು ಯಾರ ಹತ್ತಿರವೂ ಇಲ್ಲ.

ಸರ್ವರ್ ಅಂದರೆ ಬ್ಯಾಕಪ್ ಅಲ್ಲ ಅಂತ ಎಲ್ಲ ಕಡೆ ಬರೆದಿರುತ್ತೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ, ಇದು ಹಳೇ ನಿಯಮ. ಈಗ ನಮ್ಮದೊಂದು ಹಾರ್ಡ್‌ಡಿಸ್ಕ್ ಅತ್ತೆ ಮನೆಯ ಬೀರುವಿನಲ್ಲಿದೆ. ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ ಹೋದಾಗ ಹೊಸದನ್ನ ತುಂಬಿ, ಒಂದೆರಡು ಫೈಲ್ ತೆರೆದು ನೋಡಿ ಬರ್ತೀನಿ.

ಲ್ಯಾಬಿನಲ್ಲಿ ಪ್ರೋಗ್ರಾಂ ಕೆಟ್ಟರೆ ಎರಡು ಮಾರ್ಕ್ ಹೋಗುತ್ತೆ, ಮುಂದಿನ ವಾರ ಮರೀತೀವಿ. ಮನೆಯವರ ಫೈಲ್ ಇಟ್ಟುಕೊಂಡಾಗ ಹಾಗಲ್ಲ. ನಾನು ಇದನ್ನ ಕಟ್ಟಿ ಅಂತ ಹೇಳೋದು ಅದಕ್ಕೇ. ಈ ರಜೆಯಲ್ಲಿ ಊರಿಗೆ ಹೋದವರು ಮೊದಲು ಒಂದು ಹೆಚ್ಚುವರಿ ಪ್ರತಿ ತೆಗೆದಿಡಿ, ಆಮೇಲೆ ಸರ್ವರ್ ಕಟ್ಟಿ. ಕೊನೆಗೆ ಪಾಸ್‌ವರ್ಡನ್ನ ಕಾಗದದಲ್ಲಿ ಬರೆದು, ಪಹಣಿ ಇಡುವ ಡಬ್ಬಿಯಲ್ಲೇ ಇಟ್ಟು, ಅಪ್ಪನಿಗೆ ಹೇಳಿ ಬನ್ನಿ.