ಕೂಸನ್ನ ಯಾರು ಎತ್ಕೋತೀರಿ?

ಸಂಗಾತಿಗಳೇ, ಇದನ್ನು ಒಂದೇ ಸಲ ಕೂತು ಬರೆದಿಲ್ಲ. ಹನ್ನೊಂದು ರಾತ್ರಿ ಹಿಡಿದಿದೆ. ಚಿಕ್ಕವನು ಎದ್ದಾಗಲೆಲ್ಲ ಪೆನ್ನು ಕೆಳಗಿಟ್ಟಿದ್ದೇನೆ. ಅಲ್ಲಲ್ಲಿ ಎಳೆ ತುಂಡಾಗಿದ್ದರೆ ನೀವೇ ಗಂಟು ಹಾಕಿಕೊಂಡು ಓದಿ.

ಏಪ್ರಿಲ್ 14ಕ್ಕೆ ನಮ್ಮ ಕೇರಿಯಲ್ಲಿ ಬಾಬಾಸಾಹೇಬರ ಜಯಂತಿ. ಟಿ. ನರಸೀಪುರ ತಾಲ್ಲೂಕಿನ ಒಂದು ಕೇರಿ, ಊರ ಹೆಸರು ಯಾಕೆ ಬಿಡಿ. ಶಾಮಿಯಾನ, ಮೈಕು, ನೀಲಿ ಬಾವುಟ ಎಲ್ಲ ಇತ್ತು. ನಮ್ಮನೆಯವರು ಮೈಕಿನ ಮುಂದೆ ನಿಂತು ಒಂದು ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಶಿಕ್ಷಣ, ಸಂಘಟನೆ, ಹೋರಾಟ; ಅದರಲ್ಲಿ ಮೊದಲನೆಯದು ಶಿಕ್ಷಣ; ಓದದ ಜನ ಗುಲಾಮರಾಗೇ ಸಾಯ್ತಾರೆ, ಅಂದರು. ನಾನು ಶಾಮಿಯಾನದ ಹಿಂದೆ ಒಲೆ ಮುಂದೆ ಇದ್ದೆ. ಸೊಂಟದಲ್ಲಿ ಒಂದೂವರೆ ವರ್ಷದವನು. ಸೆರಗು ಹಿಡಿದುಕೊಂಡು ನಾಲ್ಕು ವರ್ಷದವಳು. ಒಲೆ ಮೇಲೆ ಇನ್ನೂರು ಜನಕ್ಕೆ ಟೀ. ಭಾಷಣ ಮುಗಿದ ಮೇಲೆ ಟೌನಿನಿಂದ ಬಂದಿದ್ದ ಹಿರಿಯ ಸಂಗಾತಿಯೊಬ್ಬರು ಲೋಟ ಇಸ್ಕೊಂಡು, "ಏನಮ್ಮಾ, ನಮ್ಮ ಹೆಣ್ಮಕ್ಕಳು ಓದೋದೇ ಇಲ್ವಲ್ಲ, ಬರೀ ಧಾರಾವಾಹಿ" ಅಂದರು.

"ಓದ್ತೀನಿ ಸಾರ್. ಕೂಸನ್ನ ಯಾರು ಎತ್ಕೋತೀರಿ?" ಅಂದೆ.

ಎಲ್ಲರೂ ನಕ್ಕರು. ನಮ್ಮನೆಯವರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಬೀರು ತುಂಬ ಪುಸ್ತಕ ಇವೆ. ಅಂಬೇಡ್ಕರ್ ಸಂಪುಟಗಳು, ಫುಲೆ, ಲೋಹಿಯಾ, ದೇವನೂರು, ಸಿದ್ಧಲಿಂಗಯ್ಯ. ಇವುಗಳ ಧೂಳು ಒರೆಸುವವಳು ನಾನು. ಪಿ.ಯು.ಸಿ. ಮುಗಿಸಿ ಮದುವೆಯಾದೆ. ಈಗ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಕಟ್ಟಿದ್ದೇನೆ. ಅದು ಮುಗಿದರೆ ಬಿ.ಇಡಿ. ಮಾಡಬೇಕು, ಟೀಚರ್ ಆಗಬೇಕು. ಇನ್ನೂ ಒಂದಾಸೆ ಇದೆ: ಎಪ್ಪತ್ತು ವರ್ಷ ಮಣ್ಣಲ್ಲೇ ಬದುಕಿದ ನಮ್ಮವ್ವನ ಕತೆಯನ್ನು ಅವಳ ಮಾತಿನಲ್ಲೇ ಬರೆಯಬೇಕು. ಅವಳಿರುವಾಗಲೇ ಬರೆಯಬೇಕು. ಇಷ್ಟೇ ನನ್ನ ಗುರಿ. ಆಕಾಶ ಕೇಳಿಲ್ಲ.

ಐದಕ್ಕೆ ಏಳುತ್ತೇನೆ. ನೀರು, ಒಲೆ, ಹಸು, ಮುದ್ದೆ, ದೊಡ್ಡವಳ ತಲೆ ಬಾಚೋದು, ಚಿಕ್ಕವನ ಬಟ್ಟೆ ಒಗೆಯೋದು. ನಾಟಿ ಕಾಲ ಬಂದರೆ ಕೂಲಿಗೂ ಹೋಗಬೇಕು. ರಾತ್ರಿ ಹತ್ತೂವರೆಗೆ ಎಲ್ಲರೂ ಮಲಗಿದ ಮೇಲೆ ಮೊಬೈಲಿನ ಟಾರ್ಚು ಹಾಕಿ ಪುಸ್ತಕ ತೆಗೆಯುತ್ತೇನೆ. ಪುಸ್ತಕ ತೆಗೆದದ್ದು ಕೂಸಿಗೆ ಅದೆಂಗೆ ಗೊತ್ತಾಗುತ್ತೋ, ಎದ್ದು ಕೂರುತ್ತಾನೆ. ಇತಿಹಾಸದ ಪಾಠದ ಹನ್ನೆರಡನೇ ಪುಟ ಅವನ ಹೊಟ್ಟೆ ಸೇರಿದೆ. ಪರೀಕ್ಷೆಯಲ್ಲಿ ಆ ಪುಟದ ಪ್ರಶ್ನೆ ಬಂದರೆ ಅವನನ್ನೇ ಕೇಳಬೇಕು.

ಒಂದು ಉಪಾಯ ಕಂಡುಕೊಂಡಿದ್ದೇನೆ. ಅವನನ್ನು ಕಾಲ ಮೇಲೆ ಮಲಗಿಸಿಕೊಂಡು, ಕಾಲು ಅಲ್ಲಾಡಿಸುತ್ತ, ಲಾಲಿ ರಾಗದಲ್ಲಿ ಪುಸ್ತಕ ಓದುತ್ತೇನೆ. ಬಾಬಾಸಾಹೇಬರು 1946ರಲ್ಲಿ ಪ್ರಕಟಿಸಿದ 'ಶೂದ್ರರು ಯಾರು?' ಹೀಗೇ ಅರ್ಧ ಮುಗಿದಿದೆ. ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ತವರ, ಅರಗು ಹೊಯ್ಯಬೇಕು ಅನ್ನೋ ಮಾತು ಅದರಲ್ಲಿದೆ. ನಮ್ಮ ಭಾಷಣಕಾರರೆಲ್ಲ ಇದನ್ನು ಮನುವಿನ ತಲೆಗೆ ಕಟ್ಟುತ್ತಾರೆ. ಬಾಬಾಸಾಹೇಬರು ಉದ್ಧರಿಸಿರುವುದು ಗೌತಮ ಧರ್ಮಸೂತ್ರವನ್ನು. ಮನು ಒಳ್ಳೆಯವನು ಅಂತ ಇದರರ್ಥ ಅಲ್ಲ. ಇಪ್ಪತ್ತು ವರ್ಷ ವೇದಿಕೆ ಮೇಲೆ ಕೂಗಿದವರು ನೋಡದ ಸಾಲನ್ನು ಕೂಸು ತೂಗುತ್ತ ನಾನು ನೋಡಿದೆ ಅಂತ ಅಷ್ಟೆ.

ನನ್ನ ಕಿವಿಗೆ ಯಾರೂ ತವರ ಹೊಯ್ದಿಲ್ಲ. "ಅಮ್ಮೀ, ಮೊಗ ಅಳ್ತಾ ಅದೆ ನೋಡು" ಅಂತಾರೆ. ಅಷ್ಟು ಸಾಕು, ಪುಸ್ತಕ ಮುಚ್ಚಿಕೊಳ್ಳುತ್ತೆ.

ಇದು ನನ್ನೊಬ್ಬಳ ಗೋಳು ಅಂತ ತಳ್ಳಿಹಾಕಬೇಡಿ. 2019ರಲ್ಲಿ ಸರ್ಕಾರವೇ ದೇಶದ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 97 ನಿಮಿಷ. ಕೈಯೇ ಹಾಕದ ಗಂಡಸರು ಈ ಲೆಕ್ಕದಲ್ಲಿ ಇಲ್ಲ. ಮಕ್ಕಳು ಮುದುಕರನ್ನು ನೋಡಿಕೊಳ್ಳುವುದರ ಲೆಕ್ಕ ಬೇರೆ. ಜೀತವನ್ನು 1976ರ ಕಾನೂನು ರದ್ದು ಮಾಡಿತು ಅಂತ ನಾವೇ ಪಾಠ ಹೇಳುತ್ತೇವೆ. ಗೌಡನ ಹಟ್ಟಿಯ ಜೀತ ನಮಗೆ ಕಣ್ಣಿಗೆ ಕಾಣುತ್ತೆ. ನಮ್ಮದೇ ಹಟ್ಟಿಯೊಳಗಿನದು ಕಾಣಲ್ಲವಾ?

ಹೀಗೆ ಕೇಳಿದರೆ ಸಾಕು, ತಾಯಿ ರಮಾಬಾಯಿಯ ಹೆಸರು ಎತ್ತುತ್ತಾರೆ. "ರಮಾಬಾಯಿ ಸಹಿಸಲಿಲ್ವಾ? ತ್ಯಾಗ ಮಾಡಲಿಲ್ವಾ?" ಮಾಡಿದಳು. ಹೆತ್ತ ಐದು ಮಕ್ಕಳಲ್ಲಿ ನಾಲ್ಕನ್ನು ಮಣ್ಣು ಮಾಡಿದಳು. ಯಶವಂತ ಒಬ್ಬ ಉಳಿದ. 1935ರಲ್ಲಿ ತಾನೂ ಹೋದಳು. ಇದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತೆ, ನಿಮಗೆ ಹಾಡು ಕಟ್ಟಬೇಕು ಅನ್ನಿಸುತ್ತೆ. ಒಂದು ಹೆಣ್ಣಿನ ಸಂಕಟವನ್ನು ಉಳಿದ ಹೆಣ್ಣುಮಕ್ಕಳೆಲ್ಲ ನಡೆಯಬೇಕಾದ ದಾರಿ ಅಂತ ಬೋರ್ಡು ಹಾಕುವವರು ಪುರೋಹಿತರು. ನಾವೂ ಅದೇ ಕೆಲಸ ಮಾಡೋದಾದರೆ ನಮ್ಮದ್ಯಾವ ಬಂಡಾಯ? ಬಾಬಾಸಾಹೇಬರಂತೂ ಹಾಗೆ ಹೇಳಲಿಲ್ಲ. 1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಪರಿಷತ್ತಿನಲ್ಲಿ ಸಾವಿರಾರು ಹೆಂಗಸರ ಎದುರು ನಿಂತು, ಮದುವೆಯಾಗುವ ಹೆಣ್ಣು ಗಂಡನಿಗೆ ಗೆಳತಿಯಾಗಿ ಸಮಕ್ಕೆ ಸಮ ನಿಲ್ಲಬೇಕು, ಗುಲಾಮಳಾಗಕೂಡದು ಅಂದರು. 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಪರವಾಗಿ ವಾದಿಸಿದವರು ಅವರು. ಬಾಣಂತಿಯ ವಿಶ್ರಾಂತಿ ಅವಳ ಮನೆ ವಿಷಯ ಅಲ್ಲ, ಅದರ ಭಾರ ಸರ್ಕಾರವೂ ಹೊರಬೇಕು ಅನ್ನೋ ವಾದ ಅದು. ನಮ್ಮ ಜಯಂತಿಗಳಲ್ಲಿ ಈ ಭಾಷಣವನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಸಾವಿತ್ರಿಬಾಯಿ ಪಟವಂತೂ ಎಲ್ಲರ ಮನೆಯಲ್ಲೂ ಇದೆ. ಜೋತಿಬಾ ಹೆಂಡತಿಯನ್ನು ಮನೆಯಲ್ಲೇ ಕೂರಿಸಿ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಇದು ಎಲ್ಲರಿಗೂ ಗೊತ್ತು. 1863ರಲ್ಲಿ ಇಬ್ಬರೂ ಸೇರಿ ಬಸಿರಾದ ವಿಧವೆಯರಿಗೆಂದು ತಮ್ಮ ಮನೆಯಲ್ಲೇ ಆಸರೆ ತೆರೆದದ್ದನ್ನು ಮಾತ್ರ ನಾವು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತೇವೆ. ಬೇರೆಯವರ ಕೂಸನ್ನು ಎತ್ತಿಕೊಂಡ ಮನೆ ಅದು. ನಮ್ಮ ಸಂಗಾತಿಗಳಿಗೆ ಸ್ವಂತ ಕೂಸನ್ನು ಎತ್ತಿಕೊಂಡರೆ ಭುಜ ನೋವು.

ಬೇಬಿ ಕಾಂಬಳೆಯನ್ನು ಓದಿದ್ದೀರಾ? ಮಹಾರಾಷ್ಟ್ರದ ಫಲಟಣದಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದ ಮಹಾರ್ ಹೆಂಗಸು. ಹತ್ತು ಮಕ್ಕಳನ್ನು ಹೆತ್ತವಳು. ಸಾಮಾನು ಕಟ್ಟಿಕೊಡಲು ತಂದ ಹಳೇ ಪೇಪರುಗಳನ್ನೇ ಓದಿ ಓದಿ ಓದಿನ ರುಚಿ ಹತ್ತಿಸಿಕೊಂಡಳು. ಗಂಡ ಆಚೆ ಹೋದಾಗ ಬರೆದಳು. ಬರೆದದ್ದನ್ನು ಮನೆಯವರ ಕಣ್ಣಿಗೆ ಬೀಳದ ಹಾಗೆ ಸುಮಾರು ಇಪ್ಪತ್ತು ವರ್ಷ ಬಚ್ಚಿಟ್ಟಳು. ಅದೇ 1986ರಲ್ಲಿ 'ಜಿಣ ಆಮುಚ' ಅಂತ ಪುಸ್ತಕವಾಗಿ ಬಂತು. ಅವಳದು ಅಂಬೇಡ್ಕರ್ ಚಳವಳಿಯಲ್ಲಿ ಮಿಂದ ಕೇರಿ, ಮಿಂದ ಮನೆ. ಅಂಥ ಮನೆಯೊಳಗೇ ಬರೆದದ್ದನ್ನು ಮುಚ್ಚಿಡಬೇಕಾಗಿತ್ತು. ಹೀಗೆ ಮುಚ್ಚಿಟ್ಟು ಇಲಿ ತಿಂದುಹೋದ ಪುಸ್ತಕಗಳು ನಮ್ಮ ಕೇರಿಗಳಲ್ಲಿ ಎಷ್ಟಿವೆಯೋ.

ಅತ್ತೆಯನ್ನು ಬೈಯೋಕೆ ನಾನು ಬರೆಯುತ್ತಿಲ್ಲ. "ನಮ್ ಕಾಲ್ದಲ್ಲಿ ಮರಕ್ಕೆ ಜೋಲಿ ಕಟ್ಟಿ ಕೂಸಾಕಿ ನಾಟಿ ಹಾಕ್ತಿದ್ದೊ ಕನವ್ವ, ನೀನು ನೆಳ್ಳಲ್ಲಿ ಅದೀಯೆ" ಅಂತಾರೆ. ನಿಜವೇ. ಅವರ ಸೊಂಟ ಬಿದ್ದುಹೋಗಿದೆ. ಆದರೂ ಪರೀಕ್ಷೆ ದಿನ ಮೊಗ ಹಿಡಿದುಕೊಂಡು ಕಾಲೇಜಿನ ಗೇಟಲ್ಲಿ ಮೂರು ಗಂಟೆ ಕೂತವರು ಅವರೇ. ಅವತ್ತು ನಮ್ಮನೆಯವರು ಮೈಸೂರಲ್ಲಿ ವಿಚಾರ ಸಂಕಿರಣದಲ್ಲಿದ್ದರು. ವಿಷಯ ಏನು ಗೊತ್ತಾ? ಮಹಿಳಾ ಸಬಲೀಕರಣ.

ಸರ್ಕಾರದ ಕತೆ ಸ್ವಲ್ಪ ಹೇಳಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಅಂಗನವಾಡಿ ನಮಗೆ ಅಷ್ಟು ಹಳೇ ನೆಂಟ. ಆದರೆ ಮೂರು ವರ್ಷದ ಕೆಳಗಿನ ಕೂಸಿಗೆ ಆಹಾರದ ಪಾಕೀಟು ಕೊಟ್ಟು ಮನೆಗೆ ಕಳಿಸುತ್ತಾರೆ. ತಾಯಿಯನ್ನು ಕಟ್ಟಿಹಾಕುವುದು ಆ ಮೂರು ವರ್ಷವೇ. ಹೆರಿಗೆ ಸೌಲಭ್ಯದ ಕಾನೂನು 2017ರಲ್ಲಿ ತಿದ್ದುಪಡಿಯಾಗಿ 26 ವಾರ ರಜೆ, 50 ಮಂದಿಗಿಂತ ಕಡಿಮೆ ಇಲ್ಲದ ಕಡೆ ಶಿಶುಪಾಲನಾ ಕೇಂದ್ರ ಅಂತ ಬರೆಯಿತು. ಯಾವ ಗದ್ದೆ ಯಜಮಾನ ನಾಟಿ ಹಾಕುವವರ ಹಾಜರಿ ಪುಸ್ತಕ ಇಟ್ಟಿದ್ದಾನೆ? 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಘೋಷಿಸಿತು, ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ. ಒಳ್ಳೇದೇ. ಮಣ್ಣು ಹೊರುವ ತಾಯಿಗೆ ಕೈ ಬಿಡುವಾಗಬೇಕು ಅಂತ ಹೊಳೆಯಿತು. ಪುಸ್ತಕ ಹಿಡಿಯುವ ತಾಯಿಗೂ ಬಿಡುವಾಗಬೇಕು ಅಂತ ಹೊಳೆಯಲಿಲ್ಲ. ಸರ್ಕಾರಕ್ಕೆ ಹೊಳೆಯದಿದ್ದರೆ ನಾವು ಅರ್ಜಿ ಕೊಡ್ತೀವಿ, ಧರಣಿ ಕೂರ್ತೀವಿ. ಸಂಘಟನೆಗೇ ಹೊಳೆಯದಿದ್ದರೆ ಎಲ್ಲಿಗೆ ಹೋಗೋಣ?

"ಮೊದಲು ಜಾತಿ ಹೋಗಲಿ ಅಮ್ಮಿ, ಇದನ್ನೆಲ್ಲ ಆಮೇಲೆ ನೋಡೋಣ" ಅಂತಾರೆ. ಊರ ಗೌಡರೂ ಹೀಗೇ ಅನ್ನುತ್ತಿದ್ದರಲ್ಲ: ಮೊದಲು ದೇಶ ಉದ್ಧಾರ ಆಗಲಿ, ನಿಮ್ಮ ವಿಚಾರ ಆಮೇಲೆ. ಆ 'ಆಮೇಲೆ' ಎಂಥದ್ದು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಇನ್ನು ಕೆಲವರು, ಇವೆಲ್ಲ ಪಟ್ಟಣದ ಮೇಲ್ಜಾತಿ ಹೆಂಗಸರ ಮಾತು ಅಂತಾರೆ. ಪಟ್ಟಣದ ಮೇಲ್ಜಾತಿ ಹೆಂಗಸರ ಕೂಸನ್ನು ನಮ್ಮಕ್ಕ ಎತ್ತಿಕೊಂಡಿದ್ದಾಳೆ, ಮೈಸೂರಿನಲ್ಲಿ, ತಿಂಗಳ ಸಂಬಳಕ್ಕೆ. ಅವರು ಓದುತ್ತಾರೆ. ನಮ್ಮಕ್ಕನ ಮಕ್ಕಳು ಇಲ್ಲಿ ನಮ್ಮ ಅಂಗಳದಲ್ಲಿ ಆಡುತ್ತಿವೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಸಂಘದ ಸಭೆ ಎಲ್ಲೇ ನಡೆಯಲಿ, ಮೈಕು ಶಾಮಿಯಾನದ ಜತೆಗೆ ಮಕ್ಕಳಿಗೆ ಒಂದು ಚಾಪೆ, ನೋಡಿಕೊಳ್ಳಲು ಇಬ್ಬರು ಗಂಡಸರು. ಟೀ ಕಾಯಿಸುವ ಸರದಿ ಅಧ್ಯಕ್ಷರಿಂದ ಶುರುವಾಗಲಿ. ವಾರಕ್ಕೆ ಒಂದು ದಿನ ಮೂರು ಗಂಟೆ ಹೊತ್ತು ಮನೆಯ ಗಂಡಸು ಕೂಸು ನೋಡಿಕೊಳ್ಳಲಿ. ಆ ಮೂರು ಗಂಟೆಯಲ್ಲಿ "ಅಮ್ಮೀ" ಅಂತ ಕೂಗಕೂಡದು.

ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಓದಲು ಆರು ಮಂದಿ ಹೆಂಗಸರು ಒಪ್ಪಿದ್ದೇವೆ. ಇಬ್ಬರಿಗೆ ಅಕ್ಷರ ಬರಲ್ಲ, ಅವರು ಕೇಳಿಸಿಕೊಳ್ಳುತ್ತಾರೆ. ಒಟ್ಟು ಒಂಬತ್ತು ಕೂಸುಗಳಿವೆ. ಎರಡು ಇನ್ನೂ ಹಾಲು ಕುಡಿಯುತ್ತವೆ, ಅವು ನಮ್ಮ ಹತ್ತಿರವೇ ಇರಲಿ. ಉಳಿದ ಏಳನ್ನು ನೋಡಿಕೊಳ್ಳಲು ಯಾರ್ಯಾರು ಬರ್ತೀರಿ, ಶನಿವಾರ ಸಂಜೆಯೊಳಗೆ ಹೆಸರು ಬರೆಸಿ. ನಮ್ಮನೆಯವರ ಹೆಸರನ್ನು ನಾನೇ ಬರೆದಿದ್ದೇನೆ.