ನಾಯಿಯ ಕಿಡ್ನಿಗೆ ಸೂಜಿ, ನಾಯಿಯ ತಟ್ಟೆಗೆ ಮಡಿ



ನಮ್ಮದೇ ಒಂದು ವಾಟ್ಸಾಪ್ ಗುಂಪಲ್ಲಿ ಬೆಂಗಳೂರಿನ ಪೆಟ್ ಕ್ಲಿನಿಕ್ಕೊಂದರ ಜಾಹೀರಾತು ಓಡಾಡ್ತಿದೆ. ಕಿಡ್ನಿ ಕೆಟ್ಟ ನಾಯಿ, ಬೆಕ್ಕುಗಳಿಗೆ ಅಕ್ಯುಪಂಕ್ಚರ್, ಜೊತೆಗೆ 'ಹೋಲಿಸ್ಟಿಕ್' ಆರೈಕೆ, 'ಸಾತ್ವಿಕ' ಆಹಾರ. ಅದರ ಕೆಳಗೆ ನಮ್ಮವರದ್ದೇ ನಗು: ನಮ್ಮ ಜನಕ್ಕೆ ಡಯಾಲಿಸಿಸ್‌ಗೆ ಗತಿ ಇಲ್ಲ, ಇವರ ನಾಯಿಗೆ ಸೂಜಿ ಚಿಕಿತ್ಸೆಯಂತೆ!

ಸಿಟ್ಟು ಅರ್ಥ ಆಗುತ್ತೆ. ಆದರೆ ಗುರಿ ತಪ್ಪಿದೆ ಅನ್ನೋದು ನನ್ನ ವಾದ. ಪ್ರಾಣಿ ಸಾಕೋದು ಶ್ರೀಮಂತರ ಶೋಕಿ ಅಂತ ಯಾರು ಹೇಳಿದ್ದು? ನಮ್ಮ ಕೇರಿಗಳಲ್ಲಿ ನಾಯಿ ಮಲಗದ ಜಗಲಿ ಎಷ್ಟಿವೆ? 1927ರಲ್ಲಿ ಮಹಾಡದ ಚೌಡಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ನಾವು ಮುಟ್ಟೋ ಹಾಗಿರಲಿಲ್ಲ. ಬಾಬಾಸಾಹೇಬರು ಜಗಳಕ್ಕೆ ಹೋಗಿದ್ದು ನೀರು ಕುಡಿದ ದನದ ಮೇಲಲ್ಲ, ಕೆರೆಗೆ ಜಾತಿಯ ಬೇಲಿ ಹಾಕಿದವರ ಮೇಲೆ.

ಮೊದಲು ಕಾಯಿಲೆ ವಿಷಯ. ವಯಸ್ಸಾದ ಬೆಕ್ಕುಗಳಲ್ಲಿ ಇದು ತುಂಬಾ ಸಾಮಾನ್ಯ, ನಾಯಿಗಳಲ್ಲೂ ಇದೆ. ಕಿಡ್ನಿ ಮೋಸಗಾರ ಅಂಗ, ಮುಕ್ಕಾಲು ಪಾಲು ಕೆಲಸ ನಿಲ್ಲೋವರೆಗೂ ರಕ್ತದ ಕ್ರಿಯಾಟಿನಿನ್ ಅಷ್ಟಾಗಿ ಏರಲ್ಲ. ಪ್ರಾಣಿ ಜಾಸ್ತಿ ನೀರು ಕುಡಿಯುತ್ತೆ, ಜಾಸ್ತಿ ಉಚ್ಚೆ ಹೊಯ್ಯುತ್ತೆ, ಸೊರಗುತ್ತೆ, ವಾಂತಿ ಮಾಡುತ್ತೆ, ಬಾಯಿ ವಾಸನೆ ಬರುತ್ತೆ. ಆಗ ರಕ್ತ, ಮೂತ್ರ, ಬಿಪಿ ಮೂರೂ ನೋಡಿಸಬೇಕು. ಸತ್ತ ಕಿಡ್ನಿ ಭಾಗ ಮತ್ತೆ ಹುಟ್ಟಲ್ಲ. ಉಳಿದದ್ದನ್ನ ಕಾಪಾಡೋದು, ಸಂಕಟ ಕಮ್ಮಿ ಮಾಡೋದು ಅಷ್ಟೇ ಚಿಕಿತ್ಸೆ: ರಂಜಕ ಕಮ್ಮಿ ಇರೋ ಊಟ, ಬಿಪಿ ಮಾತ್ರೆ, ವಾಂತಿ ನಿಲ್ಲಿಸೋ ಔಷಧ, ಬೇಕಾದರೆ ಚರ್ಮದ ಕೆಳಗೆ ಸಲೈನ್. ಇದನ್ನ ಹೇಳಿಕೊಟ್ಟರೆ ಮನೆಯವರೇ ಹಾಕಬಹುದು.

ಸೂಜಿ ಎಲ್ಲಿ ಬರುತ್ತೆ? ಓಕರಿಕೆಗೆ, ಮುದಿ ನಾಯಿಯ ಕೀಲು ನೋವಿಗೆ ಒಂದಷ್ಟು ಹಿತ ಆಗಬಹುದು. ಅದೂ ಗಟ್ಟಿ ಸಾಕ್ಷ್ಯ ಅಲ್ಲ. ಕಿಡ್ನಿಯನ್ನ ವಾಪಸ್ ತರುತ್ತೆ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಸಲೈನ್, ಬಿಪಿ ಮಾತ್ರೆ ಬಿಡಿಸಿ ಸೂಜಿ ಒಂದನ್ನೇ ಹಿಡಿಸೋರ ಹತ್ತಿರ ಅಂತೂ ಹೋಗಲೇಬೇಡಿ.

ಅಕ್ಯುಪಂಕ್ಚರ್ ಅಂದ್ರೆ ನನಗೆ ಬೇರೆ ಒಂದು ಚರಿತ್ರೆ ನೆನಪಾಗುತ್ತೆ. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ಭಾರತದಿಂದ ಐದು ಜನ ಡಾಕ್ಟರು ಹೋದರು. ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದ ಬಸು ಆಮೇಲೆ ಚೀನಾದಲ್ಲಿ ಈ ವಿದ್ಯೆ ಕಲಿತು ಕಲ್ಕತ್ತಾಕ್ಕೆ ತಂದರು. ಚೀನಾದ ಹಳ್ಳಿಗಳಲ್ಲಿ ಬರಿಗಾಲ ವೈದ್ಯರು ಸೂಜಿ ಹಿಡಿದಿದ್ದು ಅದು ಅಗ್ಗ ಅಂತ, ಬಡವರ ಕೈಗೆ ಸಿಗುತ್ತೆ ಅಂತ. ಅದೇ ಸೂಜಿ ಇವತ್ತು ಏಸಿ ರೂಮಲ್ಲಿ ಪ್ಯಾಕೇಜ್ ಆಗಿ ಮಾರಾಟವಾಗ್ತಿದೆ. ಯಾವ ಚಿಕಿತ್ಸೆ ಯಾರ ಕೈ ಸೇರುತ್ತೆ ಅನ್ನೋದನ್ನ ಮಾರುಕಟ್ಟೆ ಹೇಗೆ ತಿರುಗಿಸುತ್ತೆ ನೋಡಿ.

ಸೂಜಿಗಿಂತ ನನಗೆ ಭಯ ಆಗೋದು ಆ 'ಸಾತ್ವಿಕ' ಅನ್ನೋ ಪದ ಕಂಡು. ಕಿಡ್ನಿ ರೋಗಕ್ಕೆ ರಂಜಕ ಕಮ್ಮಿ ಮಾಡಿ, ಪ್ರೋಟೀನ್ ಹಿತಮಿತವಾಗಿರಲಿ, ಆದರೆ ಒಳ್ಳೆ ಗುಣಮಟ್ಟದ್ದಾಗಿರಲಿ ಅಂತಾರೆ ಪಶುವೈದ್ಯರು. ಅದನ್ನೇ ತಿರುಚಿ 'ಮಾಂಸವೇ ವಿಷ' ಅಂತ ಮಾಡಿದರೆ? ಬೆಕ್ಕು ಹುಟ್ಟಾ ಮಾಂಸಾಹಾರಿ. ಅದಕ್ಕೆ ಟಾರಿನ್ ಬೇಕು, ಅದು ಮಾಂಸ, ಮೀನಲ್ಲಿ ಇರುತ್ತೆ, ಅನ್ನ-ಸಾರು-ಮೊಸರಲ್ಲಿ ಸಾಕಷ್ಟು ಸಿಗಲ್ಲ. ಟಾರಿನ್ ಕೊರತೆಯಾದ ಬೆಕ್ಕು ಕುರುಡಾಗುತ್ತೆ, ಹೃದಯ ಹಿಗ್ಗಿ ಸಾಯುತ್ತೆ. ಕಿಡ್ನಿ ಉಳಿಸೋಕೆ ಹೋಗಿ ಕಣ್ಣು, ಹೃದಯ ತೆಗೆಯೋದು ಯಾವ ಹೋಲಿಸ್ಟಿಕ್ಕು?

ಮೊಟ್ಟೆ ಬಿಳಿ ಒಳ್ಳೇ ಪ್ರೋಟೀನ್, ಅದರಲ್ಲಿ ರಂಜಕ ತೀರಾ ಕಮ್ಮಿ. ಕಿಡ್ನಿ ಹೋದ ನಾಯಿಗೆ ಡಾಕ್ಟರೇ ಎಷ್ಟೋ ಸಲ ಬರೆದುಕೊಡ್ತಾರೆ. ಈ ಮೊಟ್ಟೆ ಹೆಸರು ಕೇಳಿದ್ರೆ ಏನಾಗುತ್ತೆ ಅಂತ 2021ರಲ್ಲಿ ನೋಡಿದ್ವಲ್ಲ. ಅಪೌಷ್ಟಿಕತೆ ಇರೋ ಕಲ್ಯಾಣ ಕರ್ನಾಟಕದ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡೋಕೆ ಹೊರಟಾಗ ಕೆಲವು ಮಠಾಧೀಶರು ಎದ್ದು ನಿಂತರು. ಮಗುವಿನ ತಟ್ಟೆಯಲ್ಲಿ ಶುರುವಾದ ಮಡಿ ಈಗ ನಾಯಿಯ ತಟ್ಟೆಗೂ ಬಂದಿದೆ, ಅಷ್ಟೇ ವ್ಯತ್ಯಾಸ. 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡ್ ಹಾಕಿದ ಮನೆಯಲ್ಲಿ ಬಾಡಿಗೆಗಿರೋರು ಬೆಕ್ಕಿಗೂ ಮೀನು ಬೇಯಿಸೋಕೆ ಹೆದರಬೇಕು.

'ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ' ಅನ್ನೋ ಮಾತೂ ಅಪಾಯವೇ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸೋಕೆ ಚೀನೀ ಮೂಲಿಕೆ ನುಂಗಿದ ಹೆಂಗಸರು ಕಿಡ್ನಿ ಕಳಕೊಂಡರು. ಅದರಲ್ಲಿದ್ದದ್ದು ಅರಿಸ್ಟೊಲೋಕಿಕ್ ಆಸಿಡ್. ನಮ್ಮ ಕಡೆಯ ಈಶ್ವರಿ ಬಳ್ಳಿಯೂ ಅದೇ ಕುಲದ್ದು (ಸಸ್ಯಶಾಸ್ತ್ರದ ಕುಲ ಕಣ್ರಿ, ಬೇರೆ ಕುಲ ಅಲ್ಲ). ಇಂಗ್ಲಿಷ್ ಮಾತ್ರೆಯನ್ನೂ ನಾನು ಬಿಡಲ್ಲ. ನಾಯಿ ಕುಂಟುತ್ತೆ ಅಂತ ನಾವು ನುಂಗೋ ಐಬುಪ್ರೊಫೆನ್ ಕೊಟ್ಟರೆ ಅದರ ಕಿಡ್ನಿ ಹೋಗುತ್ತೆ. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್, ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಕೊಂದು ಅವುಗಳ ಸಂತತಿಯನ್ನ ಬಹುಪಾಲು ಅಳಿಸಿತು. ಕಾರಣ ಗೊತ್ತಾಗಿದ್ದು 2004ರಲ್ಲಿ, ಪಶುಗಳಿಗೆ ಅದನ್ನ ನಿಷೇಧಿಸಿದ್ದು 2006ರಲ್ಲಿ. ಸತ್ತ ದನ ಎಳೆಯೋ ಕೆಲಸ ಹೊರಿಸಿಕೊಂಡಿದ್ದ ನಮ್ಮ ಹಿರಿಯರ ಪಕ್ಕದಲ್ಲೇ ಇರ್ತಿದ್ದ ಹಕ್ಕಿಗಳು ಅವು.

ಇಷ್ಟು ಉದ್ದ ಬರೆಯೋಕೆ ಇನ್ನೊಂದು ಕಾರಣ ಇದೆ. ಮಳೆಗಾಲದಲ್ಲಿ ನಾಯಿಗಳ ಕಿಡ್ನಿ ಹಾಳಾಗೋಕೆ ಒಂದು ಮುಖ್ಯ ಕಾರಣ ಇಲಿ ಜ್ವರ, ಲೆಪ್ಟೋಸ್ಪೈರೋಸಿಸ್. ಇಲಿ ಉಚ್ಚೆ ಬೆರೆತ ನೀರು ಗಾಯದ ಮೂಲಕ ಒಳಗೆ ಹೋದರೆ ಸಾಕು. ಚರಂಡಿ ನೀರಲ್ಲಿ ಆಡಿದ ನಾಯಿಗೂ ಬರುತ್ತೆ, ಅದೇ ಚರಂಡಿಗೆ ಕೈ ಹಾಕಿದ ನಮ್ಮ ಪೌರಕಾರ್ಮಿಕರಿಗೂ ಬರುತ್ತೆ. ಇಬ್ಬರಿಗೂ ಹೋಗೋದು ಕಿಡ್ನಿ, ಲಿವರ್ರೇ. ನಾಯಿಗೆ ವರ್ಷಕ್ಕೊಂದು ಲಸಿಕೆ ಇದೆ, ತಪ್ಪದೆ ಹಾಕಿಸಿ. ಕಾರ್ಮಿಕರಿಗೆ ಏನಿದೆ? ಗಮ್ ಬೂಟು, ಗ್ಲೌಸು, ಜ್ವರ ಬಂದ ದಿನವೇ ಡಾಕ್ಟರ್ ನೋಡಿ ಆಂಟಿಬಯಾಟಿಕ್ ಶುರು ಮಾಡೋದು. 2018ರ ಪ್ರವಾಹದಲ್ಲಿ ಕೇರಳ ಸರ್ಕಾರ ನೀರಿಗಿಳಿದವರಿಗೆ ಮುಂಚಿತವಾಗಿ ಡಾಕ್ಸಿಸೈಕ್ಲಿನ್ ಕೊಡ್ತು. 2013ರ ಕಾಯ್ದೆ ಬಂದು ಇಷ್ಟು ವರ್ಷ ಆದರೂ ಮ್ಯಾನ್‌ಹೋಲಿಗೆ ನಮ್ಮವರನ್ನ ಇಳಿಸ್ತಿರೋ ನಾಡಲ್ಲಿ ಮಳೆಗಾಲಕ್ಕೆ ಮುಂಚೆ ಅಷ್ಟಾದರೂ ಕೇಳಬಾರದಾ?

ನಾಯಿಗೆ ಕ್ರಿಯಾಟಿನಿನ್ ಟೆಸ್ಟ್ ಮಾಡಿಸೋರನ್ನ ಆಡಿಕೊಳ್ಳೋ ಬದಲು, ನಗರಸಭೆಯ ಆರೋಗ್ಯ ತಪಾಸಣೆಯಲ್ಲಿ ಪೌರಕಾರ್ಮಿಕರಿಗೂ ಅದೇ ಟೆಸ್ಟ್ ಇದೆಯಾ ಅಂತ ವಿಚಾರಿಸಿ. ನಿಮ್ಮೂರಲ್ಲಿ ಗಮ್ ಬೂಟು ಕೊನೇ ಸಲ ಕೊಟ್ಟಿದ್ದು ಯಾವಾಗ ಅಂತ ಅವರನ್ನೇ ಕೇಳಿ, ಕಾಮೆಂಟಲ್ಲಿ ಬರೀರಿ. ಊರಿನ ಹೆಸರು ಸಾಕು, ಅವರ ಹೆಸರು ಹಾಕಬೇಡಿ.